ಕಾರಿನ ಬಾಗಿಲಲ್ಲಿ ಬಿಟ್ಟ ಬೂಟುಗಳು

ಪ್ರೀತಿಯ ಅಕ್ಕಾ,

ಬಡವರಿಗೆ ಸೂಪು ಹಂಚಲೆಂದು ಕಾನ್ವೆಂಟಿನವರು ನನ್ನನ್ನು ಪರದೇಶದ ಈ ಊರು ಕ್ರೈಸ್ಟ್‌ಚರ್ಚಿನ ಚಳಿಗೆ ಕಳಿಸಿದರು. ಇಲ್ಲಿ ಬಡವರು ಯಾರೆಂದೇ ತಿಳಿಯುತ್ತಿಲ್ಲ ಕಣಕ್ಕಾ.

ನಿನ್ನೆ ಬೆಳಿಗ್ಗೆ ಒಬ್ಬ ಹೆಂಗಸು ಕಾರಿನ ಕಿಟಕಿಯಿಂದ ಬಟ್ಟಲು ಚಾಚಿದಳು. "ಇದು ಬಡವರಿಗಮ್ಮ" ಅಂದುಬಿಟ್ಟೆ. ಅವಳು ಸಿಟ್ಟಾಗಲಿಲ್ಲ. "ನಡುಗ್ತಿದ್ದೀರಲ್ಲ ಸಿಸ್ಟರ್, ಒಳಗೆ ಬನ್ನಿ" ಎಂದು ಬಾಗಿಲು ತೆಗೆದಳು. ಕೆಳಗೆ, ಮಂಜುಗಟ್ಟಿದ ನೆಲದ ಮೇಲೆ, ಅವಳ ಬೂಟು, ಮಕ್ಕಳ ಬೂಟು, ಎಲ್ಲ ನಮ್ಮ ಹೊಸ್ತಿಲಾಚೆ ಬಿಡುವ ಹಾಗೆ ಸಾಲಾಗಿದ್ದವು. ಆ ಕಾರೇ ಅವರ ಮನೆಯಂತೆ! ನಾನೂ ಬೂಟು ಕಳಚಿ ಒಳಗೆ ಕೂತೆ.

ಮಂಡಿನೋವು ಕಡಿಮೆಯಾಗಿದೆ. ಉಣ್ಣೆಯ ಕಾಲುಚೀಲ ಕಳಿಸು ಎಂದಿದ್ದೆನಲ್ಲ, ಈಗ ಬೇಡ. ನನ್ನ ಕಾಲುಚೀಲದ ತೂತು ನೋಡಿ ಅವಳೇ ಒಂದು ಜೊತೆ ಕೊಟ್ಟಳು.

ನಿನ್ನ ತಂಗಿ,
ಜೆಸಿಂತಾ