ಭಂಡಾರ ಮುಟ್ಟಿ ಕೊಟ್ಟ ಮಾತು

ಕೂಡ್ಲಿಗಿ
14 ಮೇ 2024

ಪ್ರೀತಿಯ ನಾಗಕ್ಕನಿಗೆ ತಂಗಿ ಯಶೋಧಾಳ ನಮಸ್ಕಾರ.

ನಾವು ಇಲ್ಲಿ ಆರಾಮ ಇದ್ದೇವೆ. ಹಿರೇಹಡಗಲಿಯಲ್ಲಿ ನೀನು, ಭಾವ, ಮಕ್ಕಳು ಹೇಗಿದ್ದೀರಿ? ಅವ್ವ ಮತ್ತೆ ಗಂಜಿ ಕುಡಿಯುತ್ತಿದ್ದಾಳೆ, ಓಡಿ ಬರುವುದು ಬೇಡವೆಂದು ನೀನು ಫೋನಿನಲ್ಲಿ ಹೇಳಿದೆ, ಅಷ್ಟು ಸಾಕು. ಯುಗಾದಿಗೆ ಬಂದಾಗ ನಾನು ಅವಳ ಮುಂದೆ ದೇವರ ಅರಿಸಿನದ, ಭಂಡಾರದ ಬಟ್ಟಲು ಹಿಡಿದು ಕೂತದ್ದನ್ನು ನೋಡಿ ನೀನು, "ಏನಲೇ ಯಶಿ, ಏನ್ ನಡಿಸೀದಿ?" ಎಂದು ಕೇಳಿದ್ದೆ. ಉತ್ತರ ಕೊಡದೆ ಬಸ್ಸು ಹತ್ತಿಬಿಟ್ಟೆ. ತಿಂಗಳ ಮೇಲಾಯಿತು, ಸಿಟ್ಟು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರಿಗೆ ಹಾಕಿ ರೊಟ್ಟಿ ಬಡಿಯುವವಳು. ಅರ್ಧ ಓಣಿಗೆ ನಮ್ಮ ಗುಟ್ಟು ಗೊತ್ತಾಗುತ್ತದೆ, ಪಕ್ಕದಲ್ಲೇ ಅವ್ವನೂ ಇರುತ್ತಾಳೆ. ಅದಕ್ಕೇ ಈ ಕಾಗದ.

ನನ್ನ ಕೆಲಸ ನಿನಗೆ ಗೊತ್ತು. ಹಿಂದೆ ವಿಶ್ವವಿದ್ಯಾಲಯದವರು ಹಳ್ಳಿಹಳ್ಳಿ ತಿರುಗಿ ರೆಕಾರ್ಡ್ ಮಾಡಿಕೊಂಡ ಹಾಡು, ಮಾತುಗಳ ಕ್ಯಾಸೆಟ್ಟುಗಳನ್ನು ಈಗ ಕಂಪ್ಯೂಟರಿಗೆ ಇಳಿಸುತ್ತಿದ್ದೇವೆ. ಕೆಲವನ್ನು ಯಾರು ಬೇಕಾದರೂ ಕೇಳಬಹುದು. ಕೆಲವಕ್ಕೆ ಮಾತಾಡಿದವರೇ ಷರತ್ತು ಹಾಕಿರುತ್ತಾರೆ, ಇಂಥವರಿಗೆ ಕೊಡಬೇಡಿ, ಇಂಥ ಕಾಲದವರೆಗೆ ತೆಗೆಯಬೇಡಿ ಅಂತ. ಆ ಷರತ್ತು ಕಾಯುವುದು ನನ್ನ ಪಾಲಿಗೆ ಬಂದಿದೆ. ಶಿವರಾತ್ರಿಯ ಹೊತ್ತಿಗೆ ಒಂದು ಕ್ಯಾಸೆಟ್ಟು ಹಾಕಿದೆ. ಷರತ್ತು ಏನೆಂದು ತಿಳಿಯಲು ಮೊದಲಿನ ತುಸು ಭಾಗ ಕೇಳಲೇಬೇಕು. ಕೇಳಿದರೆ ನಮ್ಮ ಅವ್ವ.

ಅಕ್ಕ, ಲಕ್ವ ಹೊಡೆದ ಮೇಲೆ ಅವಳ ಬಾಯಿಂದ ಒಂದು ಮಾತೂ ಕೇಳಿಲ್ಲವಲ್ಲ ನಾವು. ಅಲ್ಲಿ ಅವಳು ಗಟ್ಟಿ ದನಿಯಲ್ಲಿ, ಬಂದವರನ್ನು ಗದರಿಸುವಂತೆ ಹೇಳುತ್ತಿದ್ದಾಳೆ: "ನಾ ಇರಾತನಕ ನನ್ನ ಇಬ್ಬರು ಹೆಣ್ಮಕ್ಕಳಿಗೆ ಇದನ್ನ ಕೇಳಿಸಬ್ಯಾಡ್ರಿ. ಊರಿಗೆಲ್ಲ ಕೇಳಿಸ್ರಿ, ನಂದೇನಿಲ್ಲ. ಎಲ್ಲಿ, ಭಂಡಾರ ಮುಟ್ಟಿ ಹೇಳ್ರಿ ನೋಡಾಣ." ಯಾರೋ ಮೇಷ್ಟ್ರು ಮುಟ್ಟಿ ಮಾತು ಕೊಟ್ಟದ್ದೂ ಕೇಳಿಸಿತು. ಅಲ್ಲಿಗೇ ನಿಲ್ಲಿಸಿದೆ.

ಊರಿಗೆಲ್ಲ ಹೇಳಬಹುದಾದದ್ದು ನಮಗೆ ಮಾತ್ರ ಯಾಕೆ ಬೇಡ? ಅಪ್ಪನ ವಿಷಯವೋ, ನಮ್ಮದೋ, ಅಥವಾ ಎರಡು ಹಾಡು ಹೇಳಿ ನಾಚಿಕೊಂಡಳೋ? ನಮ್ಮ ಅವ್ವ ನಾಚಿಕೊಂಡದ್ದನ್ನು ನೀನು ಯಾವತ್ತಾದರೂ ಕಂಡಿದ್ದೀಯಾ? ಒಂದು ದಿನ ಸಿಟ್ಟು ಬರುತ್ತದೆ, ಮರುದಿನ ಅವಳ ಮೇಲೆ ಜೀವ ಹೋಗುವಷ್ಟು ಅಕ್ಕರೆ ಬರುತ್ತದೆ. ನಮ್ಮ ವಿಭಾಗದ ಮುಖ್ಯಸ್ಥರು ಶ್ರೀನಾಥ ಸರ್ ಒಳ್ಳೆಯವರು, ಅವರಿಗೆ ಹೇಳಿದೆ. ನಿಮ್ಮ ತಾಯಿಯೇ ತಿಳಿದು ಒಪ್ಪಿದರೆ ತೆಗೆಯಬಹುದು, ಇಲ್ಲವಾದರೆ ಆಗದು ಎಂದರು. ಆಮೇಲೆ ನನ್ನ ಮುಖ ನೋಡಿ, "ಕೀಲಿ ನಿಮ್ಮ ಕೈಯಾಗ ಐತಿ ಯಶೋಧಾ. ಅದಕ್ಕ ಹೇಳಾಕತ್ತೀನಿ, ನೀವು ಕೇಳಬಾರದು," ಎಂದರು.

ಭಂಡಾರದ ಬಟ್ಟಲು ಬಂದದ್ದು ಹೀಗೆ. ನಮ್ಮ ಮನೆಯ ರೂಢಿ ನಿನಗೆ ಗೊತ್ತಲ್ಲ: ಮೈಲಾರಲಿಂಗನ ಭಂಡಾರ ಮುಟ್ಟಿಸಿ ಮಾತು ತೆಗೆದುಕೊಂಡವರೇ, ಅದೇ ಭಂಡಾರವನ್ನು ಹಣೆಗೆ ಹಚ್ಚಿ ಆ ಮಾತನ್ನು ಬಿಡಿಸಬೇಕು. ಅವ್ವನ ಕಿವಿಯ ಹತ್ತಿರ ಹೋಗಿ, ನಿನ್ನ ಕ್ಯಾಸೆಟ್ಟು ಕೇಳಲೇ ಎಂದು ಕೇಳಿ ಬಟ್ಟಲು ಹಿಡಿದೆ. ಬಹಳ ಹೊತ್ತು ನನ್ನನ್ನೇ ನೋಡಿದಳು. ಬೆರಳು ಅದ್ದಿ ಹಣೆಯಿಂದ ಬೈತಲೆಯವರೆಗೆ ಬಳಿದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ನೀನು ಬಂದೆ, ನಿನಗೂ ಹಚ್ಚಿದಳು. ಹಾಲು ತಂದ ಚೌಡಕ್ಕನಿಗೂ ಹಚ್ಚಿದಳು. ಕೊನೆಗೆ ಬೆಕ್ಕಿಗೂ ಹಚ್ಚಿದಾಗ ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಹಾಗಾದರೆ ನನಗೆ ಸಿಕ್ಕದ್ದು ಒಪ್ಪಿಗೆಯೋ, ಬೆಕ್ಕಿಗೆ ಸಿಕ್ಕದ್ದೋ? ಇವತ್ತಿಗೂ ತಿಳಿಯದು.

ಇನ್ನೊಂದು ಕೇಳು. ಹೋದ ತಿಂಗಳು ಚಂದನಾ ಎಂಬ ಸಂಶೋಧನೆಯ ಹುಡುಗಿ ಅದೇ ಕ್ಯಾಸೆಟ್ಟು ಬೇಕೆಂದು ಬಂದಳು. ಅವಳು ಅವ್ವನ ಮಗಳಲ್ಲವಲ್ಲ, ಅಡ್ಡಿಯಿಲ್ಲ. ನಾನೇ ತೆಗೆದು ಹಾಕಿಕೊಟ್ಟೆ. ಅವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮಧ್ಯಾಹ್ನವೆಲ್ಲ ಕೇಳಿದಳು, ನಾನು ಎದುರಿನ ಮೇಜಿನಲ್ಲಿ ಅವಳ ಮುಖ ನೋಡುತ್ತ ಕೂತೆ. ಒಮ್ಮೆ ನಕ್ಕಳು, ಒಮ್ಮೆ ಕಣ್ಣು ಒರೆಸಿಕೊಂಡಳು. ನಮ್ಮ ಅವ್ವನಿಗಾಗಿ ಯಾರೋ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಯಾಕೆಂದು ನನಗೆ ಗೊತ್ತಿಲ್ಲ! ಹೋಗುವಾಗ, ಮೇಡಂ, ರೊಪ್ಪ ಅಂದರೇನು ಎಂದು ಕೇಳಿದಳು. ಕುರಿ ಕೂಡುವ ಜಾಗ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಅವಳು ಇನ್ನೇನೋ ಹೇಳಹೊರಟಾಗ ಬೇಡವೆಂದು ಕೈ ಅಡ್ಡ ಹಿಡಿದೆ. ಅಂದಿನಿಂದ ಆ ಒಂದು ಮಾತು ತಲೆಯಲ್ಲೇ ಕೂತಿದೆ. ನಾನು ಹುಟ್ಟುವ ಮೊದಲೇ ನಮ್ಮ ಕುರಿಗಳು ಹೋಗಿದ್ದವಲ್ಲ, ಯಾರ ರೊಪ್ಪ ಅದು? ಅಲ್ಲಿ ಏನಾಯಿತು? ನಿನಗೇನಾದರೂ ನೆನಪಿದೆಯೇ? ಇದ್ದರೆ ಹೇಳು. ಬೇಡ, ಹೇಳಬೇಡ.

ಒಪ್ಪಿಗೆಯ ಕಾಗದಕ್ಕೆ ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗು ಎಂದು ನೀನು ಅನ್ನಬಹುದು. ಒತ್ತುತ್ತಾಳೆ, ಪಾಪ, ಏನೆಂದು ತಿಳಿಯದೆ ಒತ್ತುತ್ತಾಳೆ. ಬೇರೆಯವರ ಮಕ್ಕಳು ಬಂದರೆ ನಿಯಮ ಹೇಳಿ ವಾಪಸ್ಸು ಕಳಿಸುವವಳು ನಾನು. ನಾನೇ ಹಾಗೆ ಮಾಡಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆದರೂ ಕೇಳಬೇಕೆನಿಸುತ್ತದೆ ಅಕ್ಕ. ಬುದ್ಧಿ ಹೇಳು. ನೀನು ಹಿರಿಯಳು, ಬೈದಾದರೂ ಹೇಳು.

ಭಾವನಿಗೆ ನಮಸ್ಕಾರ. ಮಕ್ಕಳಿಗೆ ನನ್ನ ಮುತ್ತು, ದೇವರು ಅವರನ್ನು ತಣ್ಣಗಿಟ್ಟಿರಲಿ. ಅವ್ವನ ತಲೆ ಬಾಚುವಾಗ ನನ್ನ ಹೆಸರು ಹೇಳು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ
ಯಶಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ವಾರ ನಸುಕಿನಲ್ಲಿ ನೀನು ಫೋನ್ ಮಾಡಿ, "ಅವ್ವಗ ಉಸಿರ ಸಿಗವಲ್ದು, ಲಗೂನ ಬಾ," ಎಂದೆಯಲ್ಲ. ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಅವ್ವನಲ್ಲ ಅಕ್ಕ. ಇನ್ನು ಆ ಕ್ಯಾಸೆಟ್ಟು ಕೇಳಬಹುದು ಎಂಬುದು ಬಂತು. ಆಮೇಲೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವ್ವನಿಗಾಗಿ ಅಳುತ್ತಿದ್ದೇನೆಂದು ತಿಳಿದು ನೀನು ಆ ಗಾಬರಿಯಲ್ಲೂ ನನ್ನನ್ನೇ ಸಮಾಧಾನ ಮಾಡಿದೆ.