ಪಾರಿವಾಳದ ಬಣ್ಣದ ಕರೀ ಸೀರೆ

ಗದಗ, ಇಸವಿ ಎರಡು ಸಾವಿರದ ಮುನ್ನೂರ ಹನ್ನೊಂದು, ನಮ್ಮ ಕಾಲದ ಹದಿಮೂರನೆಯ ತಿಂಗಳ ಶುದ್ಧ ಪಂಚಮಿ

ನನಗಿಂತ ಮುನ್ನೂರು ವರ್ಷ ಹಿರಿಯರಾದ ನಿಮಗೆ, ಸೀರೆ ವ್ಯಾಪಾರಿ ಫಕೀರಪ್ಪ ಕುಬಸದನ ಶರಣು.

ಮೊದಲು ಖರ್ಚು ಹೇಳಿಬಿಡುತ್ತೇನೆ: ಒಂದು ಧಾರೆ ಸೀರೆ, ತಣ್ಣಗಾದ ಹೋಳಿಗೆಯ ರಾಶಿ, ಮೀರಿಹೋದ ಒಂದು ಮುಹೂರ್ತ, ನಾನು ಬರಿಗೈಯಿಂದ ಕಟ್ಟಿದ ಹೆಸರು. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಡೆದದ್ದು ನನಗೂ ಇನ್ನೂ ಪೂರ್ತಿ ತಿಳಿದಿಲ್ಲ.

ನಮ್ಮ ಅಂಗಡಿಗಳಲ್ಲಿ ಬಟ್ಟೆ ಇರುವುದಿಲ್ಲ. ತೋರುಗೋಡೆ ಇರುತ್ತದೆ; ನಿಮ್ಮ ಟಿವಿಯ ಮರಿಮೊಮ್ಮಗ ಎನ್ನಿ. ಗಿರಾಕಿ ಅದರಲ್ಲಿ ಆರಿಸಿದ ಮೇಲೆಯೇ ಮಗ್ಗ ನೇಯುತ್ತದೆ. ಧಾರೆ ಸೀರೆ ಆರಿಸುವ ಹಕ್ಕು ಗಂಡಿನ ಕಡೆಯವರದು; ಹಂದರದಲ್ಲಿ ಆರತಿ ಬೆಳಗುವವರೆಗೆ ಅದನ್ನು ಯಾರೂ ಬಿಚ್ಚುವಂತಿಲ್ಲ. ನನ್ನ ಮೊಮ್ಮಗಳು ನಿಂಬೆವ್ವನಿಗೆ ಸೀರೆ ಆರಿಸಲು ಬೀಗಿತ್ತಿ ಸಿದ್ಧವ್ವನವರು ನಡುಹಗಲಲ್ಲಿ ಬಂದರು. ಅಂಗಡಿಯ ಸೂರು ಗಾಜಿನದು, ಬಿಸಿಲು ನೇರ ಗೋಡೆಯ ಮೇಲೆ. ಪಾರಿವಾಳದ ಬಣ್ಣ, ಮಂದ ಕೆಂಪಂಚು. ಮೆಚ್ಚಿ ಬೆರಳೊತ್ತಿದರು.

ಹಂದರದಲ್ಲಿ ಬಿಚ್ಚಿದರೆ ಸೀರೆ ಕಾಡಿಗೆ, ಅಂಚು ಕೆಂಡ.

“ಏನ್ರೀ ಬೀಗರ, ಮದಿವಿಗೆ ಕರೀ ಸೀರಿ? ನನ್ನ ಕಣ್ಣೇನು ಸಂತ್ಯಾಗ ಮಾರಿ ಬಂದೇನು?” ಎಂದ ಸಿದ್ಧವ್ವನವರು ಮಗನ ಕೈ ಹಿಡಿದು ಎದ್ದೇ ಬಿಟ್ಟರು. ಬಾಸಿಂಗ ಕಟ್ಟಿದ್ದ ನಿಂಬೆವ್ವ ಬಾಗಿಲಿಗೆ ಅಡ್ಡ ನಿಂತಳು. “ಹೋಗ್ರಿ ಅತ್ತಿ. ಅಂಗಡಿ ದಾರ್ಯಾಗ ಐತಿ, ಒಮ್ಮೆ ನೋಡಿ ಹೋಗ್ರಿ.”

ಎಲ್ಲರೂ ಅಂಗಡಿಗೆ ಬಂದೆವು. ಗೋಡೆಯಲ್ಲಿ ಅದೇ ಪಾರಿವಾಳ. “ನಾ ಏನ್ ಹೇಳಿದ್ನಿ!” ಎಂದರು ಸಿದ್ಧವ್ವ. ನನ್ನ ಮಧ್ಯಾಹ್ನದ ನಿದ್ದೆಗೆಂದು ಹಾಕಿಸಿದ್ದ ಪರದೆಯನ್ನು ನಿಂಬೆವ್ವ ಸೂರಿನಡಿ ಎಳೆದಳು. ಕಪ್ಪು! ಸಿದ್ಧವ್ವನವರು ತಾವೇ ಸರಿಸಿದರು, ಪಾರಿವಾಳ. ಎಳೆದರು, ಕಾಗೆ. ಎಳೆದು ಸರಿಸಿ ಕೈ ಸೋತು ಕುಳಿತರು.

ಗೋಡೆಗೆ ಕಪ್ಪು ಎಂಬ ಬಣ್ಣವೇ ಇಲ್ಲವಂತೆ. ಬೆಳಕು ಬೀರದ ಜಾಗವೇ ಅದರ ಕಪ್ಪು. ಅಲ್ಲಿಗೆ ಬಿಸಿಲು ಬಿದ್ದರೆ ಕಣ್ಣಿಗೆ ಬೂದು; ಮಗ್ಗ ಮಾತ್ರ ಮೂಲದ ಕಪ್ಪನ್ನೇ ನೇಯುತ್ತದೆ. ಬಿಳಿಗೂ ಕಪ್ಪಿಗೂ ಅಂತರ ಕುಗ್ಗಿದರೆ ಮಿಕ್ಕ ಬಣ್ಣಗಳೂ ನೀರು ಬೆರೆಸಿದ ಹಾಲು. ಇಷ್ಟು ತಿಳಿಯಿತು. ಹಾಗಾದರೆ ಇಷ್ಟು ವರ್ಷ ನಾನು ಮಾರಿದ್ದು ಯಾವ ಬಣ್ಣ? ನೋಡಿದ್ದಕ್ಕಿಂತ ಗಾಢವಾಗಿ ಬಂದರೆ ಜನ ಲಾಭವೆಂದು ಹಿಗ್ಗುತ್ತಿದ್ದರು, ನಾನೂ ಕೇಳಲಿಲ್ಲ.

ನೀವೂ ಅಂಗೈಯಗಲದ ಗಾಜಿನಲ್ಲಿ ಬಣ್ಣ ನೋಡಿ ಕೊಳ್ಳುವವರು. ಬೇಡಿಕೊಳ್ಳುತ್ತೇನೆ, ಮೊದಲು ನೆರಳಿಗೆ ಹೋಗಿ, ಕಪ್ಪು ಕಪ್ಪಾಗಿದೆಯೇ ನೋಡಿ. ಆಮೇಲೆ ಬಣ್ಣದ ಮಾತು.

ಸಿದ್ಧವ್ವನವರು ತಪ್ಪು ಯಾರದೆಂದು ಹೇಳಲಿಲ್ಲ. “ಸಂಕ್ರಮಣಕ್ಕ ನನಗೊಂದು ಕರೀ ಸೀರಿ ಬೇಕಾಗಿತ್ತು ಬಿಡ್ರಿ, ಅವತ್ತ ಕರೀದ ಉಡೂದಲ್ಲೇನು” ಎಂದು, ಹಂದರಕ್ಕೆ ಮರಳಿ, ತಮಗೆಂದು ಇಟ್ಟುಕೊಂಡಿದ್ದ ಹಸಿರು ರೇಷ್ಮೆಯನ್ನು ಅಂಗಳದ ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ನಿಂಬೆವ್ವನ ಕೈಗಿಟ್ಟರು. ಸಂಜೆಯ ಮುಹೂರ್ತಕ್ಕೆ ಅಕ್ಕಿಕಾಳು ಬಿತ್ತು.

ಬೀಗಿತ್ತಿಗೆ ಸಂಕ್ರಮಣದ ಸೀರೆ. ನಿಂಬೆವ್ವನಿಗೆ ಹಸಿರು ಸೀರೆ ಮತ್ತು ಗಂಡ. ನನಗೆ ಹಗಲೆಲ್ಲ ಪರದೆ ಎಳೆದ ಅಂಗಡಿ. ಗೋಡೆಗೆ ಏನೂ ಇಲ್ಲ. ಪರದೆ ಸರಿದಾಗಲೆಲ್ಲ ಅದಿನ್ನೂ ಪಾರಿವಾಳವೆಂದೇ ಸಾಧಿಸುತ್ತಿದೆ.