‘ಸೂತಕ’ದ ಎರಡನೆಯ ಬದಿ

ಬೆಳಗಾವಿ
೧೦ ಆಗಸ್ಟ್ ೨೦೨೫

ಪ್ರೀತಿಯ ತಮ್ಮ ಸುಮಿತನಿಗೆ,

ಅಕ್ಕ ಸೃಷ್ಟಿಯ ಆಶೀರ್ವಾದಗಳು. ಖಾನಾಪುರದಲ್ಲಿ ಅಪ್ಪ, ಅಜ್ಜಿ, ನೀನು ಕ್ಷೇಮವೆಂದು ನಂಬಿದ್ದೇನೆ. ನೀನು ಕಳಿಸಿದ ಕ್ಯಾಸೆಟ್ಟು ತಲುಪಿ ಬಹಳ ದಿನವಾದರೂ ಉತ್ತರಿಸಲಿಲ್ಲ, ಕ್ಷಮಿಸು. ಅಸಹ್ಯವನ್ನು ಸಭ್ಯ ವಾಕ್ಯಗಳಲ್ಲಿ ಕೂಡಿಸಲು ಸಮಯ ಹಿಡಿಯಿತು.

ಮೊದಲು ಸುದ್ದಿ. ಎಂ.ಎಸ್ಸಿ. ಫಲಿತಾಂಶ ಬಂದಿದೆ, ರಸಾಯನಶಾಸ್ತ್ರದಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲ ಸ್ಥಾನ ನನ್ನದು. ಅದರಲ್ಲಿ ನನಗೇನೂ ಆಶ್ಚರ್ಯವಿರಲಿಲ್ಲ. ಅಪ್ಪ “ಶಾಭಾಸ್” ಅಂದು ಫೋನಿಟ್ಟರು.

ನಿಮ್ಮ ತಂಡದಲ್ಲಿ ಗಿಟಾರು ಬಾರಿಸುವ ಪರಾಗನ ಮನೆಯಲ್ಲಿ ಮಾತ್ರ ಟೇಪ್‌ರೆಕಾರ್ಡರ್ ಇದೆಯೆಂದು ತಿಳಿದು ಇಲ್ಲಿಯ ರವಿವಾರ ಪೇಟೆಗೆ ಹೋದೆ. ಹಾಡು ಶುರುವಾದೊಡನೆ ಅವನ ತಾಯಿ ರಾಧಾಬಾಯಿ ಅಡಿಗೆಮನೆಯಿಂದ ಓಡಿಬಂದರು.

“ಅಗ ಬಾಯಿ! ಬಂದ್ ಮಾಡೋ ಪರಾಗ, ರೀಲ್ ಸುತ್ಕೊಂಡೈತಿ!”

“ಸುತ್ಕೊಂಡಿಲ್ಲ ಆಯಿ, ಹಾಡೇ ಹಿಂಗೈತಿ. ಬ್ಲ್ಯಾಕ್ ಮೆಟಲ್.”

“ಮತ್ತ ಒದರಾಕತ್ತಾಂವ ಯಾರು?”

“ಇವರ ತಮ್ಮ.”

ಅವರು ನನ್ನ ಕಡೆ ತಿರುಗಿ, “ಆರಾಮ ಅದಾನಲ್ಲವಾ ನಿನ್ನ ತಮ್ಮ?” ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ಒಂದೇ ಮೈಕು, ತಿದ್ದುಪಡಿಯಿಲ್ಲ, ಹಳೆಯ ಬ್ಲ್ಯಾಕ್ ಮೆಟಲ್ ಹಸಿಹಸಿಯಾಗಿಯೇ ಇರಬೇಕು ಎಂದು ನೀನು ಬರೆದಿದ್ದೆ. ತಿದ್ದದೆ ಒಪ್ಪಿಸುವುದಕ್ಕೆ ನಮ್ಮ ವಿಭಾಗದಲ್ಲಿ ಬೇರೆ ಹೆಸರಿದೆ: ಸೋಮಾರಿತನ. ಪೀರನವಾಡಿಯ ತಗಡಿನ ಶೆಡ್ಡಿನಲ್ಲಿ ಜಲ್ಲಿ ಸುರಿದಂಥ ಡ್ರಮ್ಮು, ಕೆದಕಿದ ಕಣಜದ ಗೂಡಿನಂಥ ಗಿಟಾರು, ಅದರ ಮೇಲೆ ಕಫ ಕಟ್ಟಿದ ನಿನ್ನ ಗಂಟಲು. ಕ್ಯಾಸೆಟ್ಟಿನ ಹೆಸರೋ ‘ಸೂತಕ’! ಸೂತಕವನ್ನೇ ಒಪ್ಪದ ಬಸವಣ್ಣನನ್ನು ನಂಬಿದ ಮನೆತನದಲ್ಲಿ ಹುಟ್ಟಿದವನಿಗೆ ಬೇರೆ ಹೆಸರು ಸಿಗಲಿಲ್ಲವೆ?

ಇಷ್ಟನ್ನು ಸಹಿಸುತ್ತಿದ್ದೆ. ಆದರೆ ಹೊದಿಕೆಯ ಮೇಲಿನ ಫೋಟೊ? ಕಣಕುಂಬಿಯ ಕಾಡಿನಲ್ಲಿ, ಬ್ಲ್ಯಾಕ್ ಮೆಟಲ್‌ನವರ ವೇಷವಂತೆ, ಹೆಣದ ಹಾಗೆ ಬೆಳ್ಳಗೆ ಬಳಿದುಕೊಂಡ ನಿನ್ನ ಮುಖ, ಕಣ್ಣ ಸುತ್ತ ದೀಪದ ಮಸಿ. ಪೌಡರು ಎಂದುಕೊಂಡಿದ್ದೆ. ಪರಾಗ ಹೆಮ್ಮೆಯಿಂದ ಹೇಳಿದ: “ಪೌಡರ ಅಲ್ಲರಿ ಅಕ್ಕಾ, ಖರೇ ಇಬತ್ತಿ. ನಿಮ್ಮ ಅವ್ವಾರ ಮಣ್ಣಿಗೆ ತಂದದ್ದು ಉಳಿದಿತ್ತಂತ.” ಅವ್ವನ ಹಣೆಗೆ ಹಚ್ಚಿ ಮಿಕ್ಕ ವಿಭೂತಿಯನ್ನು ಅರೆದು ಬಣ್ಣ ಮಾಡಿಕೊಂಡೆಯಲ್ಲ! ರಾಧಾಬಾಯಿ ಕೊಟ್ಟ ಚಹಾವನ್ನು ಹಾಗೆಯೇ ಕೆಳಗಿಟ್ಟೆ.

ಎರಡನೆಯ ಬದಿಯದು ಇನ್ನೂ ಹೇಸಿಗೆ. ತೀರಿಕೊಂಡವರ ಮುಂದೆ ಕುಳಿತು, ಮನೆಯವರ ಹೆಸರನ್ನೆಲ್ಲ ಹಿಡಿದು, ಹಾಡಿಕೊಂಡು ಅಳುವುದು ನಮ್ಮ ಹೆಂಗಸರ ಪದ್ಧತಿ. ಅವ್ವನ ಮುಂದೆ ಅಜ್ಜಿ ಹಾಗೆ ಅತ್ತದ್ದನ್ನು ನೀನು ಕದ್ದು ಮೊಬೈಲಿನಲ್ಲಿ ಹಿಡಿದಿದ್ದೀಯೆ. “ಏಳವ್ವ ನನ ಸೊಸಿ, ನಿನ್ನ ಗಂಡ ಬಸಲಿಂಗ ಬಂದ ನಿಂತಾನ... ನಿನ್ನ ಸುಮಿತ ನೀರ ತಂದಾನ, ಒಂದ ಗುಟಕ ಕುಡಿಯವ್ವ...” ಈ ಅಳುವಿನ ಮೇಲೆ ಗಿಟಾರು! ಮುದುಕಿಯ ಒಡಲ ಸಂಕಟಕ್ಕೆ ತಾಳ ಹಾಕಲು ನಿನಗೆ ಕೈ ಹೇಗೆ ಬಂತು?

ಫೋನಿನಲ್ಲಿ ಅಜ್ಜಿಯನ್ನೇ ಕೇಳಿದೆ. “ಹಾಡಿಗಿ ಹಾಕ್ಲೇನಂತ ನನ್ನ ಒಂದ ಸಲ ಕೇಳಿದ್ನವಾ,” ಅಂದರು. “ನಾ ಅತ್ತೆ, ಅದು ಅಲ್ಲಿಗೇ ಮುಗೀತು. ಅವಗ ಮುಗದಿಲ್ಲ, ಒದರ್ಲಿ ಬಿಡು.” ಅಜ್ಜಿಯ ಕ್ಷಮೆ ಅಜ್ಜಿಯದು. ನಾನು ಕ್ಷಮಿಸಿಲ್ಲ. ಅಂತರ್ಜಾಲಕ್ಕೂ ಹಾಕಿದ್ದೀರಂತೆ, ಆ ಹಾಡನ್ನು ಅಲ್ಲಿಂದ ತೆಗೆ. ಮಾರದೆ ಉಳಿದ ಕ್ಯಾಸೆಟ್ಟುಗಳನ್ನು ಅಳಿಸು. ಉಳಿದ ವಿಭೂತಿಯನ್ನು ದೇವರ ಜಗುಲಿಯ ಮೇಲೆ ಇಡು.

ಅಪ್ಪನ ಔಷಧಿ ತಪ್ಪದಂತೆ ನೋಡಿಕೊ. ಮಳೆಯಲ್ಲಿ ಕಿರುಚಿ ಗಂಟಲು ಕೆಡಿಸಿಕೊಳ್ಳಬೇಡ. ನಿನ್ನ ಮೇಲೆ ಎಷ್ಟು ಸಿಟ್ಟಿದ್ದರೂ ನೀನು ನೂರು ವರ್ಷ ಬಾಳಬೇಕು.

ನಿನ್ನ ಅಕ್ಕ,
ಸೃಷ್ಟಿ

ತಾ.ಕ.: ನನ್ನ ರ‍್ಯಾಂಕು ಹೋಗಬಾರದೆಂದು, ಪರೀಕ್ಷೆ ಮುಗಿಯುವ ತನಕ ನೀವು ಯಾರೂ ನನಗೆ ಅವ್ವ ಹೋದ ಸುದ್ದಿ ಮುಟ್ಟಿಸಲಿಲ್ಲ. ನಾನು ಬರುವಷ್ಟರಲ್ಲಿ ಅವ್ವನ ಗದ್ದುಗೆಯ ಮಣ್ಣು ಒಣಗಿತ್ತು. ಆ ಅಳುವನ್ನು ನಾನು ಮೊದಲು ಕೇಳಿದ್ದೇ ನಿನ್ನ ಕ್ಯಾಸೆಟ್ಟಿನಲ್ಲಿ. ಕೊನೆಗೆ ಅಜ್ಜಿ “ನಿನ್ನ ಸೃಷ್ಟಿ...” ಅನ್ನುತ್ತಾರೆ, ಅಲ್ಲಿಗೆ ಸರಿಯಾಗಿ ಗಿಟಾರು ಬೀಳುತ್ತದೆ. ಟೇಪ್‌ರೆಕಾರ್ಡರನ್ನು ಬೇಡಿ ಕೋಣೆಗೆ ತಂದುಕೊಂಡಿದ್ದೇನೆ. ರೀಲು ಸವೆಯುವಷ್ಟು ತಿರುಗಿಸಿದರೂ ಮುಂದಿನ ಮಾತು ಕೇಳಿಸುತ್ತಿಲ್ಲ. “ಅಳೂಮುಂದ ಏನಂದೆನೋ, ಯಾರಿಗೆ ನೆನಪೈತಿ?” ಎನ್ನುತ್ತಾರೆ ಅಜ್ಜಿ. ಮೊಬೈಲಿನಲ್ಲಿರುವುದನ್ನು, ಗಿಟಾರು ಸೇರಿಸುವುದಕ್ಕೆ ಮೊದಲಿನದನ್ನು, ನನಗೆ ಕಳಿಸು. ಅಲ್ಲಿಯವರೆಗೆ ಏನನ್ನೂ ಅಳಿಸಬೇಡ.